ವಾಮದಪದವಿನ ಖಾಲಿ ಹೊಟ್ಟೆಗಳು

ನನ್ನ ಯಂತ್ರ ಸುಳ್ಳು ಹೇಳುತ್ತದೆ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ನನ್ನನ್ನೇ ಸುಳ್ಳಿ ಅಂದರೂ ಅಷ್ಟು ಬರಲಿಕ್ಕಿಲ್ಲ. ಹಾಗಾಗಿ ಬೆಂಗಳೂರಿನಿಂದ ಬಂದ ನಿಖಿತಾ ಮೇಡಂ ನನ್ನ ಮೇಜಿನ ಮೇಲೆ ಎರಡು ಹಾಳೆ ಹರಡಿ, "ಇವೆರಡರಲ್ಲಿ ಒಂದು ತಪ್ಪು" ಎಂದಾಗ ನಾನು ಕೈಯಲ್ಲಿದ್ದ ರಕ್ತದ ಟ್ಯೂಬನ್ನು ನಿಧಾನಕ್ಕೆ ಕೆಳಗಿಟ್ಟೆ. ಸಿಟ್ಟಿನಲ್ಲಿ ಗಾಜು ಹಿಡಿದುಕೊಳ್ಳಬಾರದು.

ನಾನು ಶಬ್ನಾ. ಮನೆ ಮೂಡುಬಿದಿರೆ, ಕೆಲಸ ಬೆಳ್ತಂಗಡಿಯ ಒಂದು ನಲವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ. ಒಂಬತ್ತು ವರ್ಷದಿಂದ ಅಲ್ಲಿಯ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಮೊದಲ ಏಳು ವರ್ಷ ಲ್ಯಾಬ್ ಎಂದರೆ ಮೆಟ್ಟಿಲಿನ ಕೆಳಗಿನ ಒಂದು ಕೋಣೆ, ಒಂದು ಮೈಕ್ರೋಸ್ಕೋಪ್, ಸಕ್ಕರೆ ಒಂದನ್ನು ಬಿಟ್ಟು ಬೇರೆ ಏನನ್ನೂ ನೆಟ್ಟಗೆ ಅಳೆಯದ ಒಂದು ಹಳೆಯ ಯಂತ್ರ. ಸ್ವಲ್ಪ ಕಷ್ಟದ ಪರೀಕ್ಷೆ ಬಂತೆಂದರೆ ರಕ್ತವನ್ನು ಐಸ್ ಡಬ್ಬದಲ್ಲಿಟ್ಟು ಮಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಉತ್ತರ ಮರುದಿನ ಬರುತ್ತಿತ್ತು. ಅಷ್ಟರಲ್ಲಿ ರೋಗಿ ಗುಣವಾಗಿಯೋ ಬೇಸತ್ತೋ ಮನೆಗೆ ಹೋಗಿರುತ್ತಿದ್ದ.

ಎರಡು ವರ್ಷದ ಹಿಂದೆ ಈ ಅಧ್ಯಯನ ಬಂತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರು ದಿನಾ ನಡೆದು, ಊಟದ ಕ್ರಮ ಬದಲಿಸಿದರೆ ಕಾಯಿಲೆಯನ್ನು ಎಷ್ಟು ಕಾಲ ದೂರ ಇಡಬಹುದು ಎಂದು ನೋಡುವುದು ಅದರ ಉದ್ದೇಶ. ದೇಶದ ಹನ್ನೊಂದು ಆಸ್ಪತ್ರೆಗಳು ಸೇರಿ ಮಾಡುವ ಕೆಲಸ. ನಮ್ಮ ಡಾಕ್ಟರ್ ಸುಧಾಕರ ಅದಕ್ಕೆ ಅರ್ಜಿ ಹಾಕಿದಾಗ ನಾವೆಲ್ಲ ಬೆನ್ನ ಹಿಂದೆ ನಕ್ಕಿದ್ದೆವು. ಅರ್ಜಿ ಒಪ್ಪಿಗೆಯಾಗಿ ಹೊಸ ಯಂತ್ರ ಲಾರಿಯಿಂದ ಇಳಿದ ದಿನ ನಗು ನಿಂತಿತು.

ಯಂತ್ರದ ಜೊತೆ ನಿಯಮಗಳೂ ಇಳಿದವು. ಬೆಳಿಗ್ಗೆ ಮೊದಲು, ಉತ್ತರ ಗೊತ್ತಿರುವ ಒಂದು ದ್ರವವನ್ನು ಹಾಕಿ ಯಂತ್ರವನ್ನೇ ಪರೀಕ್ಷೆ ಮಾಡಬೇಕು. ಫ್ರಿಜ್ಜಿನ ಉಷ್ಣತೆ ದಿನಕ್ಕೆ ಎರಡು ಸಲ ಬರೆಯಬೇಕು. ಬರೆದದ್ದನ್ನು ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಸುರುವಿಗೆ ತಲೆ ಚಿಟ್ಟು ಹಿಡಿಯಿತು. ಆದರೆ ಆ ಬರೆಯುವ ಚಟದಿಂದಲೇ ಪಕ್ಕದ ಕೋಣೆಯ ಲಸಿಕೆಯ ಫ್ರಿಜ್ ಮಧ್ಯಾಹ್ನಗಳಲ್ಲಿ ಬೆಚ್ಚಗಾಗುವುದು ಗೊತ್ತಾಗಿ ಅದನ್ನು ಬದಲಿಸಿದರು. ಹೆರಿಗೆಗೆ ಬಂದವರ ರಕ್ತದ ಉತ್ತರ ಅರ್ಧ ಗಂಟೆಯಲ್ಲಿ ಸಿಗತೊಡಗಿತು. ಅಧ್ಯಯನದ ಹೆಸರೇ ಕೇಳದ ಎಷ್ಟೋ ಮಂದಿಗೆ ಅದರಿಂದ ಉಪಕಾರವಾಗಿದೆ. ಅವರಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ.

ಇನ್ನು ಆ ಎರಡು ಹಾಳೆಗಳ ವಿಷಯ. ನಿಖಿತಾ ಮೇಡಂ ಹನ್ನೊಂದು ಆಸ್ಪತ್ರೆಗಳ ದಾಖಲೆಗಳನ್ನು ತಪಾಸಣೆ ಮಾಡುವವರು. ಮೊದಲ ಹಾಳೆಯಲ್ಲಿ ವಾಮದಪದವಿನ ನಲವತ್ತೆರಡು ಮಂದಿಯ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಇತ್ತು. ಅದನ್ನು ಅಳೆದದ್ದು ನಾನು. ಎರಡನೆಯದರಲ್ಲಿ ಅದೇ ಮಂದಿಯ ಮೂರು ತಿಂಗಳ ಸರಾಸರಿ ಸಕ್ಕರೆ. ಅದನ್ನು ಅಳೆದದ್ದು ಮಂಗಳೂರಿನ ದೊಡ್ಡ ಲ್ಯಾಬ್. ನನ್ನ ಹಾಳೆಯ ಪ್ರಕಾರ ಅರ್ಧಕ್ಕರ್ಧ ಜನರಿಗೆ ಕಾಯಿಲೆ ಬಂದೇ ಬಿಟ್ಟಿದೆ. ಮಂಗಳೂರಿನ ಪ್ರಕಾರ ಹೆಚ್ಚಿನವರು ಹೊಸ್ತಿಲಿನ ಈಚೆಗೇ ಆರಾಮಾಗಿ ಕೂತಿದ್ದಾರೆ.

"ಯಂತ್ರ ಸರಿಯಿಲ್ಲ, ಇಲ್ಲ ಟ್ಯೂಬ್ ಅದಲುಬದಲಾಗಿದೆ, ಇಲ್ಲ ಯಾರೋ ಕೂತು ನಂಬರ್ ಬರೆದಿದ್ದಾರೆ" ಎಂದರು ಮೇಡಂ. "ನಾನು ಯಾರನ್ನೂ ದೂರ್ತಾ ಇಲ್ಲ. ಆದ್ರೆ ಕಾರಣ ಬೇಕು. ಮೂರು ವಾರ ಟೈಮ್ ಕೊಡ್ತೀನಿ. ಸಿಗದೇ ಹೋದ್ರೆ ಈ ಸೆಂಟರ್ ಮುಚ್ಚಬೇಕಾಗತ್ತೆ, ಮಷೀನ್ ಕೂಡ ವಾಪಸ್ ತಗೊಳ್ತಾರೆ."

ಅವರು ಹೋದ ಮೇಲೆ ನಾನು ಯಂತ್ರದ ಮೇಲಿನ ಬಟ್ಟೆ ಸರಿಮಾಡಿದೆ. ಮತ್ತೆ ಐಸ್ ಡಬ್ಬ, ಮತ್ತೆ ಬಸ್ಸಿನ ಕಂಡಕ್ಟರ್. ಅದಕ್ಕಿಂತ ಹೆಚ್ಚಾಗಿ, ಶಬ್ನಾ ಕೊಟ್ಟ ಸಂಖ್ಯೆ ಸುಳ್ಳು ಎಂಬ ಮಾತು ಬೆಳ್ತಂಗಡಿಯಲ್ಲಿ ಉಳಿದುಬಿಡುತ್ತದೆ. ನನ್ನ ಹತ್ತಿರ ಇರುವ ಆಸ್ತಿ ಆ ಸಂಖ್ಯೆಗಳು ಮಾತ್ರ.

ಮೊದಲ ವಾರ ಯಂತ್ರದ ಬೆನ್ನು ಹತ್ತಿದೆ. ಅದೇ ದಿನ, ಅದೇ ಯಂತ್ರದಲ್ಲಿ ಅಳೆದ ಬೆಳ್ತಂಗಡಿಯವರ ರಕ್ತ ಮಂಗಳೂರಿನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು. ವಾಮದಪದವಿನದ್ದು ಮಾತ್ರ ಹೊಂದುತ್ತಿರಲಿಲ್ಲ. ದಾರಿಯಲ್ಲಿ ತಡವಾಗಿ ರಕ್ತ ಕೆಟ್ಟಿತೇ ಎಂದರೆ, ತಡವಾದರೆ ಸಕ್ಕರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಟ್ಯೂಬ್ ಅದಲುಬದಲಾದರೆ ಒಬ್ಬರದ್ದು ಏರಿ ಇನ್ನೊಬ್ಬರದ್ದು ಇಳಿಯಬೇಕು. ಇಲ್ಲಿ ಇಳಿದವರು ಯಾರೂ ಇಲ್ಲ. ಅಂದರೆ ರಕ್ತ ಟ್ಯೂಬಿಗೆ ಬೀಳುವಾಗಲೇ ಅದರಲ್ಲಿ ಸಕ್ಕರೆ ಹೆಚ್ಚಿತ್ತು. ನನಗೆ ಸಿಟ್ಟು ಇಳಿದು ಕುತೂಹಲ ಏರತೊಡಗಿದ್ದು ಆಗ.

"ತಿಂದು ಬರ್ತಾರೆ ಅಷ್ಟೇ" ಎಂದೆ, ಸ್ವರ್ಣಲತಾ ಸಿಸ್ಟರ್ ಹತ್ತಿರ. ಅಧ್ಯಯನದ ಜನರನ್ನು ಒಟ್ಟುಮಾಡಿ, ರಕ್ತ ತೆಗೆದು, ಫಾರಂ ತುಂಬಿಸುವವರು ಅವರು. ನಾನು ಸ್ವರ್ಣಕ್ಕ ಎನ್ನುತ್ತೇನೆ.

"ಇಲ್ಲ ಮಾರಾಯ್ತಿ. ಪ್ರತಿಯೊಬ್ಬರ ಹತ್ತಿರ ಕೇಳ್ತೇನೆ. ಅವರು ಸುಳ್ಳು ಹೇಳುವ ಜನ ಅಲ್ಲ. ನಂಬಿಕೆ ಇಲ್ಲದಿದ್ರೆ ನೀನೇ ಬಾ, ಗುರುವಾರ ಹೋಗುವ."

ಗುರುವಾರ ಬೆಳಿಗ್ಗೆ ಪುಂಜಾಲಕಟ್ಟೆ ದಾಟಿ ವಾಮದಪದವು ತಲುಪುವಾಗ ಆರೂವರೆ. ಅಲ್ಲಿ ಡೊಂಬಯ್ಯ ಎಂಬವರ ಮನೆಯ ಜಗಲಿಯಲ್ಲಿ ರಕ್ತ ತೆಗೆಯುವುದು. ಎಪ್ಪತ್ತು ದಾಟಿದ ಕೃಷಿಕರು, ದೊಡ್ಡ ಜಗಲಿ, ಅದಕ್ಕಿಂತ ದೊಡ್ಡ ಗಂಟಲು. ಆಸ್ಪತ್ರೆ ಅಲ್ಲಿ ಹಿಂದಿನಿಂದಲೂ ಆರೋಗ್ಯ ಶಿಬಿರ ನಡೆಸುತ್ತಿತ್ತು, ಅಧ್ಯಯನಕ್ಕೂ ಅದೇ ಜಾಗ ಆಯಿತು. ನಮ್ಮನ್ನು ಕೂರಿಸಿ, ನಮ್ಮ ಕಡೆಯ ಕ್ರಮದಂತೆ ಬೆಲ್ಲ ನೀರು ಕೊಟ್ಟು, ಊರಿನ ಸುದ್ದಿ ಹೇಳಿದರು. ನಾನು ಕೈ ಒರೆಸಿಕೊಂಡು ವಿಚಾರಣೆಗೆ ಎದ್ದೆ.

ಇಪ್ಪತ್ತು ಮಂದಿ ಬೆಂಚುಗಳಲ್ಲಿ ಕೂತಿದ್ದರು. ಒಬ್ಬೊಬ್ಬರ ಎದುರು ನಿಂತು ಪೊಲೀಸರ ಹಾಗೆ ಕೇಳಿದೆ. ನಿನ್ನೆ ರಾತ್ರಿ ಎಂಟರ ನಂತರ ಊಟ? ಬೆಳಿಗ್ಗೆ ಚಾ? ಬಿಸ್ಕತ್? ಎಲೆ ಅಡಿಕೆ? ಬೀಡಿ? ಇಲ್ಲ, ಇಲ್ಲ, ಇಲ್ಲ. ಒಬ್ಬ ಅಜ್ಜಿಯಂತೂ ಬೇಸರದಿಂದ, "ಹಲ್ಲುಜ್ಜಿದ ಪೇಸ್ಟನ್ನೂ ಉಗಿದು ಬಂದಿದ್ದೇನೆ ಮಗಾ" ಎಂದರು. ಯಾರ ಮುಖದಲ್ಲೂ ಕಳ್ಳತನ ಇರಲಿಲ್ಲ. ಆ ದಿನದ ಸಕ್ಕರೆಯೂ ಎಂದಿನಂತೆ ಮೇಲೆಯೇ ಇತ್ತು.

ಎರಡನೆಯ ವಾರ ಮುಗಿಯುತ್ತಾ ಬಂತು. ಬುಧವಾರ ಮಧ್ಯಾಹ್ನ ಸುಮ್ಮನೆ ಕೂತು, ಹೆಸರು ಬಿಟ್ಟು, ರಕ್ತ ಕೊಡುವ ಸರದಿಯ ಟೋಕನ್ ಸಂಖ್ಯೆಯ ಪ್ರಕಾರ ಸಕ್ಕರೆಯನ್ನು ಒಂದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಹಾಕುತ್ತಾ ಹೋದೆ. ಬೇರೆ ಕಾರಣ ಇರಲಿಲ್ಲ, ಉಳಿದದ್ದೆಲ್ಲ ಮಾಡಿ ಮುಗಿದಿತ್ತು. ಮೊದಲ ಮೂರು ಟೋಕನಿನವರದ್ದು ನೂರರ ಆಸುಪಾಸು. ಐದರಿಂದ ಮೇಲೆ ಏರುತ್ತದೆ. ಎಂಟರಿಂದ ಹನ್ನೆರಡರ ತನಕ ನೂರ ನಲವತ್ತು, ನೂರೈವತ್ತು. ಹದಿನೈದರ ನಂತರ ಮತ್ತೆ ಇಳಿಜಾರು. ಬೇರೆ ಬೇರೆ ಗುರುವಾರ, ಬೇರೆ ಬೇರೆ ಜನ, ಆದರೂ ಗುಡ್ಡದ ಆಕಾರ ಒಂದೇ. ನಾನು ಹಾಳೆ ಹಿಡಿದುಕೊಂಡು ಡಾಕ್ಟರ್ ಸುಧಾಕರರ ಕೋಣೆಗೆ ಬಾಗಿಲು ತಟ್ಟದೆ ಹೋದೆ.

ಅವರು ಕನ್ನಡಕ ಮೇಲೆತ್ತಿ ನೋಡಿದರು. "ಇದು ಊಟ ಮಾಡಿದವರ ಗ್ರಾಫ್ ಶಬ್ನಾ. ತಿಂದು ಅರ್ಧ ಗಂಟೆಗೆ ಏರ್ತದೆ, ಮತ್ತೆ ಇಳೀತದೆ."

"ಇಪ್ಪತ್ತು ಮಂದಿಯೂ ಒಂದೇ ಹೊತ್ತಿಗೆ ತಿಂದ ಹಾಗೆ ಕಾಣ್ತದೆ ಸರ್. ಅದೂ ಆರೂವರೆಗೆ. ಆ ಹೊತ್ತಿಗೆ ಎಲ್ಲರೂ ಜಗಲಿಯಲ್ಲೇ ಇರ್ತಾರೆ, ಸ್ವರ್ಣಕ್ಕನ ಕಣ್ಣೆದುರಿಗೆ."

"ಹಾಗಾದ್ರೆ ಆ ಜಗಲಿಯಲ್ಲಿ ಏನೋ ಉಂಟು."

ಏನು ಇರಬಹುದು? ಸೂಜಿಯ ಹೆದರಿಕೆಯಿಂದ ಸಕ್ಕರೆ ಏರುತ್ತದೆಯೇ? ಏರುತ್ತದೆ, ಆದರೆ ಇಷ್ಟಲ್ಲ. ಬೆಳಗಿನ ನಡಿಗೆಯಿಂದಲೇ? ಬಸ್ಸಿನಲ್ಲಿ ಬಂದವರೂ ಇದ್ದಾರಲ್ಲ. ಆ ರಾತ್ರಿ ಊಟ ಬೇಗ ಮುಗಿಸಿದೆ. ಬೇರೆಯವರನ್ನು ಕೇಳಿ ಪ್ರಯೋಜನವಿಲ್ಲ, ನನ್ನನ್ನೇ ಅಳೆಯುವುದು ಎಂದು ನಿಶ್ಚಯ ಮಾಡಿದ್ದೆ. ಬೆಳಿಗ್ಗೆ ಚಾ ಕೂಡ ಕುಡಿಯದೆ ಹೊರಟೆ.

ಡೊಂಬಯ್ಯಣ್ಣನ ಗೇಟಿನ ಹೊರಗೆ ಜೀಪಿನಲ್ಲೇ ಕೂತು ಸ್ವರ್ಣಕ್ಕನಿಂದ ಬೆರಳು ಚುಚ್ಚಿಸಿಕೊಂಡೆ. ಎಂಬತ್ತಾರು. ಒಳಗೆ ಹೋಗಿ ಎಲ್ಲರ ಜೊತೆ ಬೆಂಚಿನಲ್ಲಿ ಕೂತೆ. ಅವರು ಮಾಡಿದ್ದನ್ನೆಲ್ಲ ಮಾಡಿದೆ, ಮಾತಾಡಿದೆ, ಆಕಳಿಸಿದೆ, ಗೋಡೆಯ ಕ್ಯಾಲೆಂಡರ್ ನೋಡಿದೆ. ಹದಿನೈದು ನಿಮಿಷಕ್ಕೆ ಎಡಗೈ ಬೆರಳು ಚುಚ್ಚಿದಾಗ ನೂರ ಹದಿನಾಲ್ಕು. ನಾನೇ ಕಣ್ಣಾರೆ ನೋಡುತ್ತಿದ್ದೇನೆ, ನಾನೇ ಏನೂ ತಿಂದಿಲ್ಲ, ಆದರೂ ಏರುತ್ತಿದೆ. ದೊಡ್ಡ ಸಂಶೋಧನೆಯೇ ಆಗಿಬಿಟ್ಟಿತೋ ಏನೋ ಎಂದು ಒಂದು ಕ್ಷಣ ಆಸೆಯೂ ಆಯಿತು.

ಅರ್ಧ ಗಂಟೆಯಾಯಿತು. ಎಡಗೈ ಬೆರಳುಗಳು ಉರಿಯುತ್ತಿದ್ದ ಕಾರಣ ಬಲಗೈ ಒಡ್ಡಿದೆ. ಸ್ವರ್ಣಕ್ಕ ಸ್ಪಿರಿಟ್ ಹತ್ತಿಯಿಂದ ನನ್ನ ಬೆರಳ ತುದಿ ಒರೆಸಿದರು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು.

ಅವರು ಹತ್ತಿಯನ್ನು ನೋಡಿದರು. ನಾನೂ ನೋಡಿದೆ. ಆಮೇಲೆ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನೋಡಿದ್ದು ಜಗಲಿಯ ತುದಿಯನ್ನು. ಅಲ್ಲಿ ಡೊಂಬಯ್ಯಣ್ಣ ತಡವಾಗಿ ಬಂದ ಒಬ್ಬರಿಗೆ ಚೊಂಬಿನ ನೀರೂ ಲಿಂಬೆ ಗಾತ್ರದ ಬೆಲ್ಲದ ತುಂಡೂ ಕೊಡುತ್ತಿದ್ದರು.

"ಅಕ್ಕ, ನಾನು ಬೆಲ್ಲ ತಿಂದೆನಾ?"

"ನೀನೂ ತಿಂದಿ, ನಾನೂ ತಿಂದೆ. ಎರಡು ವರ್ಷದಿಂದ ತಿಂತಾ ಇದ್ದೇನೆ" ಎಂದರು ಸ್ವರ್ಣಕ್ಕ.

ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಎಂಬುದು ನಮ್ಮಲ್ಲಿ ತಿನ್ನುವ ಲೆಕ್ಕಕ್ಕೇ ಇಲ್ಲ. ಅದು ಚಪ್ಪಲಿ ಬಿಡುವುದು, ಕೂರುವುದು, ಇವುಗಳ ಸಾಲಿಗೆ ಸೇರಿದ್ದು. ಇಪ್ಪತ್ತು ಮಂದಿಯೂ ನಿಜವನ್ನೇ ಹೇಳಿದ್ದರು. ಕೋರ್ಟಿನಲ್ಲಿ ಕೇಳಿದ್ದರೂ ನಾನೂ ಏನೂ ತಿಂದಿಲ್ಲ ಎಂದೇ ಹೇಳುತ್ತಿದ್ದೆ. ಸೋಪು ಹಾಕಿ ಕೈ ತೊಳೆದು ಮತ್ತೆ ಅಳೆದೆವು. ನೂರ ಮೂವತ್ತೇಳು.

"ಡೊಂಬಯ್ಯಣ್ಣ, ಇವರೆಲ್ಲ ಖಾಲಿ ಹೊಟ್ಟೆಯಲ್ಲಿ ಬಂದವರಲ್ಲವಾ? ಬೆಲ್ಲ ಯಾಕೆ ಕೊಟ್ಟದ್ದು?" ಎಂದೆ.

"ಖಾಲಿ ಹೊಟ್ಟೆಯಲ್ಲಿ ಬಂದವರಿಗೇ ಅಲ್ಲವಾ ಬೆಲ್ಲ ಕೊಡುವುದು?" ಎಂದರು ಅವರು. "ತಿಂಡಿ ಕೊಡಬಾರದು ಅಂತ ಸಿಸ್ಟರ್ ಹೇಳಿದ್ರು. ಮನೆಯವಳು ನೀರುದೋಸೆ ಮಾಡ್ತೇನೆ ಅಂದಳು, ನಾನೇ ಬೇಡ ಅಂದೆ. ಬಾಯಾರಿ ಬಂದವರಿಗೆ ನೀರೂ ಕೊಡಲಿಕ್ಕಿಲ್ಲವಾ?"

"ನೀರು ಕೊಡಬಹುದು."

"ಬರೀ ನೀರಾ?" ಎಂದು ಅವರು ನನ್ನನ್ನೇ ದಿಟ್ಟಿಸಿದರು. ಬರೀ ನೀರು ಕೊಟ್ಟು ಜನರನ್ನು ಜಗಲಿಯಲ್ಲಿ ಕೂರಿಸುವ ಮನೆಯೊಂದು ಭೂಮಿಯ ಮೇಲೆ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

ನಾನು ಚೀಲದಿಂದ ಗ್ರಾಫ್ ತೆಗೆದು ತೋರಿಸಿದೆ. ಇದು ನೀವು ಬೆಲ್ಲ ಕೊಟ್ಟ ಹೊತ್ತು, ಇದು ಏರಿದ್ದು, ಇದು ಇಳಿದದ್ದು. ಅವರು ಬೆರಳಿನಿಂದ ಗುಡ್ಡ ಹತ್ತಿ ಇಳಿದರು. ಬೇಸರಪಡುತ್ತಾರೆ ಎಂದುಕೊಂಡಿದ್ದೆ. ಆದರೆ ಅವರು ಜಗಲಿಗೆ ತಿರುಗಿ, "ಹೇ, ಇಲ್ಲಿ ಬನ್ನಿ, ನಮ್ಮ ಬೆಲ್ಲ ಕಾಗದದಲ್ಲಿ ಕಾಣ್ತದೆ" ಎಂದು ಎಲ್ಲರನ್ನೂ ಕರೆದರು. ಪಂಪ್ ಶೆಡ್ಡಿನ ಮೀಟರ್ ನೋಡುವಂತೆ ಎಲ್ಲರೂ ಬಗ್ಗಿ ನೋಡಿದರು. ಯಾರ ಚುಕ್ಕಿ ಎಲ್ಲಿ ಎಂಬ ಚರ್ಚೆ ಸುರುವಾಯಿತು. ಹೆಸರು ಹೇಳುವ ಹಾಗಿಲ್ಲ ಎಂದು ಹಾಳೆ ಮಡಚಬೇಕಾಯಿತು. ಮುಂದಿನ ವಾರದಿಂದ ಡೊಂಬಯ್ಯಣ್ಣನೇ ಗೇಟಿನಲ್ಲಿ ನಿಂತು, "ಮೊದಲು ರಕ್ತ, ಆಮೇಲೆ ಬೆಲ್ಲ" ಎಂದು ಜನರನ್ನು ಒಳಗೆ ಬಿಡತೊಡಗಿದರು.

ಸ್ವರ್ಣಕ್ಕ ಎಲ್ಲವನ್ನೂ ಹಾಗೆ ಹಾಗೆಯೇ ಬರೆದು ನಿಖಿತಾ ಮೇಡಂಗೆ ಕಳುಹಿಸಿದರು, ತಾನು ಬೆಲ್ಲ ತಿಂದದ್ದೂ ಸೇರಿ. ಮೇಡಂ ಫೋನಿನಲ್ಲಿ ನಕ್ಕರಂತೆ. ವಾಮದಪದವಿನ ಹಳೆಯ ಖಾಲಿ ಹೊಟ್ಟೆಯ ಸಂಖ್ಯೆಗಳನ್ನು ಬದಿಗಿಟ್ಟು ಎಲ್ಲರ ರಕ್ತ ಹೊಸದಾಗಿ ತೆಗೆಯುವುದೆಂದು ಆಯಿತು. ಕೇಂದ್ರ ಉಳಿಯಿತು, ಯಂತ್ರವೂ ಉಳಿಯಿತು. ಹನ್ನೊಂದು ಆಸ್ಪತ್ರೆಗಳ ಫಾರಮ್ಮಿಗೂ ಒಂದು ಹೊಸ ಪ್ರಶ್ನೆ ಸೇರಿತು: ಇಲ್ಲಿಗೆ ಬಂದ ಮೇಲೆ ನಿಮಗೆ ಯಾರಾದರೂ ಏನಾದರೂ ಕೊಟ್ಟರೇ? ಇನ್ನೂ ಎರಡು ಕಡೆ ಅದಕ್ಕೆ ಹೌದು ಎಂಬ ಉತ್ತರ ಬಂತು ಎಂದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು.

ಗೆದ್ದ ಜಂಬ ನನಗೆ ಸರಿಯಾಗಿ ನಾಲ್ಕು ದಿನ ಇತ್ತು. ಐದನೆಯ ದಿನ ಡಾಕ್ಟರ್ ಸುಧಾಕರ ಲ್ಯಾಬಿಗೆ ಬಂದು ಸ್ಟೂಲ್ ಎಳೆದು ಕೂತರು.

"ಶಬ್ನಾ, ಸ್ಟಡಿ ಬಂದದ್ದು ಎರಡು ವರ್ಷದ ಹಿಂದೆ. ಆ ಜಗಲಿಯಲ್ಲಿ ನಾವು ಶಿಬಿರ ಮಾಡ್ತಾ ಇದ್ದದ್ದು ಯಾವಾಗಿಂದ?"

ನನಗೆ ಉತ್ತರ ಗೊತ್ತಿತ್ತು. ಅವರು ಏಳುವ ಮೊದಲೇ ನಾನು ಕಪಾಟಿನಿಂದ ಹಳೆಯ ರಿಜಿಸ್ಟರ್ ಕೆಳಗೆ ಇಳಿಸಿದ್ದೆ.

ಆ ಶಿಬಿರಗಳಲ್ಲಿ ಸಕ್ಕರೆ ಹೆಚ್ಚು ಎಂದು ನಾನು ಬರೆದುಕೊಟ್ಟವರು ಮೂವತ್ತೊಂದು ಮಂದಿ. ಎಲ್ಲರನ್ನೂ ಹುಡುಕಿದೆವು. ಇಬ್ಬರು ತೀರಿಹೋಗಿದ್ದರು. ಉಳಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ನಿಜವಾಗಿಯೇ ಇತ್ತು. ಆರು ಮಂದಿಯ ವಿಷಯದಲ್ಲಿ ಡಾಕ್ಟರಿಗೆ ಸಂಶಯ ಬಂದು, ತಮ್ಮ ನಿಗಾದಲ್ಲೇ ಅವರ ಮಾತ್ರೆ ನಿಲ್ಲಿಸಿ ಮೂರು ತಿಂಗಳು ಕಾದರು. ಐದು ಮಂದಿಗೆ ಕಾಯಿಲೆಯೇ ಇರಲಿಲ್ಲ.

ಆ ಐವರಲ್ಲಿ ಒಬ್ಬರು ವಾಮದಪದವಿನ ಬೀಫಾತಿಮಾ. ಅರುವತ್ತೆರಡು ವರ್ಷ, ಬೀಡಿ ಕಟ್ಟುವವರು. ಆರು ವರ್ಷದಿಂದ ಸಕ್ಕರೆಯ ಮಾತ್ರೆ ನುಂಗಿ ಎರಡು ಸಲ ತಲೆ ತಿರುಗಿ ಬಿದ್ದಿದ್ದರು. ಅವರ ವರದಿಯನ್ನು ಯಾರ ಕೈಯಲ್ಲೂ ಕಳುಹಿಸಲು ನನಗೆ ಮನಸ್ಸಾಗಲಿಲ್ಲ. ಒಂದು ಗುರುವಾರ ಕೆಲಸ ಮುಗಿಸಿ ನಾನೇ ಅವರ ಮನೆಗೆ ಹೋದೆ. ಬೀಡಿಯ ಮೊರ ಬದಿಗಿಟ್ಟು ಕೂರಿಸಿದರು. ನಾವು ನಮ್ಮ ಬ್ಯಾರಿ ಭಾಷೆಯಲ್ಲೇ ಮಾತಾಡಿದೆವು.

"ಮಾಮಿ, ನಿಮಗೆ ಸಕ್ಕರೆ ಕಾಯಿಲೆ ಇಲ್ಲ."

"ಈಗ ಇಲ್ಲವಾ?"

"ಯಾವಾಗಲೂ ಇರಲಿಲ್ಲ."

ಅದು ಹೇಗೆ ಎಂದು ಅವರು ಕೇಳಿದರು. ನಾನು ಬೆಲ್ಲದ ಕಥೆಯನ್ನು ಮೊದಲಿಂದ ಕೊನೆಯ ತನಕ ಹೇಳಿದೆ, ಏನನ್ನೂ ಬಿಡಲಿಲ್ಲ. ಅವರು ಗಮನವಿಟ್ಟು ಕೇಳಿದರು. ನಡುನಡುವೆ ಸರಿಯಾದ ಪ್ರಶ್ನೆಗಳನ್ನೂ ಕೇಳಿದರು. ಕೊನೆಗೆ, "ಡೊಂಬಯ್ಯರ ಬೆಲ್ಲವಾ? ಒಳ್ಳೆ ಬೆಲ್ಲ ಅದು" ಎಂದು ನಕ್ಕುಬಿಟ್ಟರು. ನನ್ನ ಎದೆ ಹಗುರವಾಯಿತು.

ಅವರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರೊಳಗೆ ಮಡಿಕೆ ಮಡಿಕೆಯಲ್ಲಿ ಹರಿದ ಒಂದು ಚೀಟಿ. ಖಾಲಿ ಹೊಟ್ಟೆಯ ಸಕ್ಕರೆ ನೂರ ನಲವತ್ತೆಂಟು.

"ಹಾಗಾದರೆ ಇನ್ನು ಇದು ಬೇಡ ಅಲ್ಲವಾ? ಇದನ್ನು ಮಸೀದಿಯ ಉಸ್ತಾದರಿಗೂ ತೋರಿಸಿದ್ದೆ. ಇಷ್ಟು ಇದ್ದರೆ ನೋಂಬು ಹಿಡಿಯಬೇಡಿ, ಬದಲಿಗೆ ಬಡವರಿಗೆ ಅಕ್ಕಿ ಕೊಡಿ ಅಂದರು. ಆರು ರಂಝಾನಿಗೂ ಅಕ್ಕಿ ಕೊಟ್ಟೆ." ಚೀಟಿಯ ತುದಿಯನ್ನು ಬೆರಳಿನಿಂದ ಮುಟ್ಟಿದರು. "ಇದರಲ್ಲಿ ಸಹಿ ಯಾರದ್ದು?"

"ನನ್ನದು ಮಾಮಿ."

ಸಂಖ್ಯೆ ಸರಿಯಾಗಿಯೇ ಇತ್ತು. ಆ ದಿನದ ರಕ್ತವನ್ನು ಹೊಸ ಯಂತ್ರದಲ್ಲಿ ಅಳೆದಿದ್ದರೂ ಅಷ್ಟೇ ಬರುತ್ತಿತ್ತು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹುಟ್ಟಿದಂದಿನಿಂದ ನಾನು ಇಷ್ಟು ಸಣ್ಣವಳಾದದ್ದು ನೆನಪಿಲ್ಲ. ಊರೆಲ್ಲ ನೋಂಬು ಹಿಡಿದು ಉಪವಾಸವಿದ್ದ ಆರು ರಂಝಾನಿನಲ್ಲಿ ಈ ಹೆಂಗಸು ಹಗಲು ಹೊತ್ತು ಒಬ್ಬರೇ ಅಡುಗೆಮನೆಯಲ್ಲಿ ಕೂತು ಉಂಡದ್ದು ನನ್ನ ಸಹಿಯ ಬಲದಿಂದ.

ಅವರು ಬಯ್ಯಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. "ಆರು ಮೂವತ್ತು, ನೂರ ಎಂಬತ್ತು ನೋಂಬು ಬಾಕಿ. ಉಸ್ತಾದರು ಅಕ್ಕಿ ಸಾಕು ಅನ್ನಬಹುದು. ನನ್ನ ಮನಸ್ಸಿಗೆ ಸಾಕಾಗುವುದಿಲ್ಲ. ವಾರಕ್ಕೆ ಎರಡು ಹಿಡಿದರೆ ಎಷ್ಟು ಸಮಯ ಬೇಕು ಮೋಳೇ?"

"ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ."

"ಅಷ್ಟು ಆಯುಸ್ಸು ಉಂಟಾ ಅಂತ ನಿನ್ನ ಯಂತ್ರದಲ್ಲಿ ಗೊತ್ತಾಗ್ತದಾ?"

ಅವರು ಕುಹಕಕ್ಕೆ ಕೇಳಿದ್ದಲ್ಲ. ಗೊತ್ತಾಗುವುದಾದರೆ ಒಳ್ಳೆಯದಿತ್ತು ಎಂಬಂತೆ ನನ್ನ ಮುಖ ನೋಡುತ್ತಿದ್ದರು.

"ಇಲ್ಲ ಮಾಮಿ, ಗೊತ್ತಾಗುವುದಿಲ್ಲ."

"ಹಾಗಾದರೆ ನಾಳೆಯಿಂದಲೇ ಸುರು ಮಾಡುವ" ಎಂದು ಅವರು ಎದ್ದರು. ಒಳಗಿದ್ದ ಸೊಸೆ ಫಾಹಿಮಾಳನ್ನು ಕರೆದು, ನೋಂಬಿಗೆ ಮೊದಲಿನ ಊಟಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ತನ್ನನ್ನು ಎಬ್ಬಿಸಬೇಕೆಂದು ಹೇಳಿದರು.